ನಡೆದು ಬರುವ ಮಕ್ಕಳಿಗೆ ನಡೆಯಿರಿ ಎನ್ನುವವರಿಗೆ

ಶಾಲೆಗಳಿಗೆ ಪರಿಸರ ಕಾರ್ಯಕ್ರಮ ರೂಪಿಸುವ ಅಧಿಕಾರಿಗಳಿಗೆ, ಅದಕ್ಕೆ ಹಣ ಕೊಡುವ ಕಂಪನಿಯವರಿಗೆ,



ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಸದಸ್ಯೆಯಾಗಿ ಇದನ್ನು ಬರೆಯುತ್ತಿದ್ದೇನೆ. ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮ ಮಕ್ಕಳು ಸಾಲಾಗಿ ನಿಂತು, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ: ಹತ್ತಿರದ ಊರಿಗೆ ನಡೆದೇ ಹೋಗುತ್ತೇನೆ, ಸೈಕಲ್ ತುಳಿಯುತ್ತೇನೆ, ಕಾರು ಕಡಿಮೆ ಬಳಸಿ ಎಂದು ಮನೆಯವರಿಗೆ ಹೇಳುತ್ತೇನೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಕಾರೇ ಇಲ್ಲ. ಅವರು ಎಸ್ಟೇಟಿನ ಲೈನು ಮನೆಗಳಿಂದ ತೋಟದ ಒಳದಾರಿ ಹಿಡಿದು ಬರುವವರು. ಗೇಟಿನ ಹತ್ತಿರ ನಿಂತು ಕಾಲಿನ ಇಂಬಳ ಕಿತ್ತುಹಾಕಿ, ಒದ್ದೆ ಚೀಲವನ್ನು ಗೋಡೆಗೆ ಒರಗಿಸಿ ಕೂರುವವರು. ಕೂಲಿಗೆಂದು ಅಸ್ಸಾಮಿನಿಂದ ಬಂದವರ ಮಕ್ಕಳೂ ಈಗ ಇದೇ ದಾರಿಯಲ್ಲಿ ನಡೆದು ಬಂದು ಕನ್ನಡ ಕಲಿಯುತ್ತಿದ್ದಾರೆ.

ಹಸಿರು ಸಂಚಾರ ಎಂದು ನೀವು ಯಾವುದಕ್ಕೆ ಹೆಸರಿಟ್ಟಿದ್ದೀರೋ, ಅದನ್ನು ಈ ಮಕ್ಕಳು ಹುಟ್ಟಿನಿಂದ ಮಾಡುತ್ತಿದ್ದಾರೆ. ಶ್ರೀಮಂತ ದೇಶಗಳ ಪೇಟೆಗಳಲ್ಲಿ ಮಕ್ಕಳನ್ನು ಕಾರಿನಿಂದ ಇಳಿಸಿ ನಡೆಸಲು ಅಭಿಯಾನಗಳೇ ನಡೆಯುತ್ತವೆ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ದೊಡ್ಡ ತರಗತಿಯವರು ಚಿಕ್ಕವರನ್ನು ಸೇರಿಸಿಕೊಂಡು ಗುಂಪಾಗಿ ನಡೆದು ಹೋಗುವುದನ್ನು ಜಗತ್ತು ಮೆಚ್ಚುತ್ತದೆ. ನಮ್ಮಲ್ಲಿ ಏಳನೇ ತರಗತಿಯ ಅಕ್ಕಂದಿರು ಒಂದನೇ ತರಗತಿಯವರ ಕೈ ಹಿಡಿದುಕೊಂಡು ತೋಟ ದಾಟಿಸುತ್ತಾರೆ, ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ವ್ಯತ್ಯಾಸ ಇರುವುದು ದಾರಿಯಲ್ಲಿ. ಅಲ್ಲಿ ಶಾಲೆಗೆ ಹೋಗುವ ದಾರಿ ಯಾವುದೆಂದು ಗುರುತಿಸಿ, ಅದನ್ನು ಕಾಯುತ್ತಾರೆ. ಇಲ್ಲಿ ದಾರಿ ಮಕ್ಕಳ ಪಾಡಿಗೆ ಬಿಟ್ಟದ್ದು.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮದ ಪ್ರಕಾರ ಐದನೇ ತರಗತಿಯವರೆಗಿನ ಮಗುವಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟರವರೆಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಆದರೆ ಆ ಒಂದು ಕಿಲೋಮೀಟರಿನ ನಡುವೆ ಒಂದು ಹಳ್ಳವಿದ್ದರೆ, ಜುಲೈಯಲ್ಲಿ ಅದು ಎಷ್ಟು ದೂರವಾಗುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ. 2022ರ ಜುಲೈಯಲ್ಲಿ ಚಿಕ್ಕಮಗಳೂರು ತಾಲ್ಲೂಕಿನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಒಂದನೇ ತರಗತಿಯ ಹುಡುಗಿ ಹಳ್ಳದಲ್ಲಿ ಕೊಚ್ಚಿಹೋದಳು. ಮರುತಿಂಗಳೇ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಇಬ್ಬರೂ ಶಾಲೆಗೆ ಹೋಗುವುದಕ್ಕೆ ಒಂದು ತೊಟ್ಟು ಪೆಟ್ರೋಲ್ ಸುಟ್ಟವರಲ್ಲ. ಇಂಥ ಕಡೆ ಗಟ್ಟಿ ಕಾಲುಸೇತುವೆ ಕಟ್ಟಬೇಕೆಂದೇ ಸರ್ಕಾರ ಶಾಲಾ ಸಂಪರ್ಕ ಸೇತು ಎಂಬ ಯೋಜನೆ ತಂದಿತ್ತು. ಆದರೂ ಅಡಿಕೆ ಮರದ ದಬ್ಬೆ ಹಾಸಿದ ಸಂಕಗಳು ಮಲೆನಾಡಿನಲ್ಲಿ ಇನ್ನೂ ಮುಗಿದಿಲ್ಲ. ನನ್ನ ಲೆಕ್ಕದಲ್ಲಿ ಒಂದು ಕಾಲುಸೇತುವೆಗಿಂತ ದೊಡ್ಡ ಪರಿಸರ ಕಾರ್ಯಕ್ರಮ ನಮ್ಮ ಶಾಲೆಗೆ ಬೇರೆ ಇಲ್ಲ.

ಏಕೆಂದರೆ ದಾರಿಗೆ ಹೆದರಿದ ತಾಯಿ ಏನು ಮಾಡುತ್ತಾಳೆ ಎಂಬುದನ್ನು ನಾವು ಪ್ರತಿ ವರ್ಷ ನೋಡುತ್ತಿದ್ದೇವೆ. ಹಳ್ಳ ಒಂದು ಕಡೆ, ತೋಟದಲ್ಲಿ ಆನೆ ಇನ್ನೊಂದು ಕಡೆ. ಬೆಳಿಗ್ಗೆ ಆನೆ ಎಲ್ಲಿದೆ ಎಂದು ವಾಟ್ಸ್‌ಆ್ಯಪ್ ನೋಡಿಕೊಂಡೇ ಮಕ್ಕಳನ್ನು ಹೊರಗೆ ಬಿಡುವ ಊರುಗಳಿವೆ. ಸ್ವಲ್ಪ ಅನುಕೂಲವಿದ್ದವರು ಮನೆ ಬಾಗಿಲಿಗೇ ವ್ಯಾನ್ ಬರುವ ಪೇಟೆಯ ಶಾಲೆಗೆ ಮಗುವನ್ನು ಸೇರಿಸುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅಲ್ಲಿಗೆ ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ, ರಸ್ತೆಯ ಮೇಲೆ ಒಂದು ಟ್ರಿಪ್ ಹೆಚ್ಚು. ಹೆಸರುಗಳು ಇನ್ನಷ್ಟು ಇಳಿದರೆ ಶಾಲೆಗೆ ಬೀಗ. ಆಮೇಲೆ ಉಳಿದ ಬಡವರ ಮಕ್ಕಳಿಗೂ ದೂರದ ಶಾಲೆ, ಅವರಿಗೂ ವಾಹನ. ನಡೆಯುವ ಊರೊಂದು ಹೀಗೆ ಡೀಸೆಲ್ಲಿನ ಊರಾಗುತ್ತದೆ, ಮಕ್ಕಳು ಮಾಡಿದ ಪ್ರತಿಜ್ಞೆ ಗೋಡೆಯ ಮೇಲೆ ಹಾಗೇ ಇರುತ್ತದೆ.

ಬಸ್ಸಿನ ಮಾತನ್ನೂ ಹೇಳಬೇಕು. ಕೊಪ್ಪದ ಸಹಕಾರ ಸಾರಿಗೆಯನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಶಂಕರ್ ಎಂಬ ಬಸ್ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ 1991ರಲ್ಲಿ ಸಂಘ ಕಟ್ಟಿಕೊಂಡು ಓಡಿಸಿದ ಬಸ್ಸುಗಳು ಅವು. ಡ್ರೈವರ್, ಕಂಡಕ್ಟರ್‌ಗಳೇ ಮಾಲೀಕರು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟು, ಲಾಭ ಕಡಿಮೆ ಇರುವ ಒಳಊರುಗಳಿಗೂ ಹೋಗುತ್ತಿದ್ದವು. ನಷ್ಟ ತಾಳಲಾರದೆ 2020ರಲ್ಲಿ ಆ ಸಾರಿಗೆ ನಿಂತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಒಳ್ಳೆಯ ಯೋಜನೆಯೇ. ಆದರೆ ಖಾಸಗಿ ಬಸ್ಸುಗಳನ್ನೇ ನಂಬಿದ ನಮ್ಮ ದಾರಿಗಳಲ್ಲಿ ಹುಡುಗಿಯರು ಟಿಕೆಟ್ ತೆಗೆದುಕೊಂಡೇ ಹತ್ತಬೇಕು. ಸರ್ಕಾರದ ಸೈಕಲ್ ಯೋಜನೆ 2006-07ರಲ್ಲಿ ಬಂದದ್ದು ಎಂಟನೇ ತರಗತಿಯವರಿಗೆ, ಪ್ರಾಥಮಿಕದ ಮಕ್ಕಳಿಗಲ್ಲ. ಕೊಟ್ಟರೂ ಕಳಸದ ಏರಿನಲ್ಲಿ ಅದನ್ನು ತಳ್ಳಿಕೊಂಡೇ ಹೋಗಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಸಣ್ಣ ಬಸ್ಸು ಶಾಲೆಯ ಹೊತ್ತಿಗೆ ಸರಿಯಾಗಿ ಬಂದರೆ ಎಷ್ಟೋ ವ್ಯಾನುಗಳು ತಾವಾಗಿ ನಿಲ್ಲುತ್ತವೆ.

ಶನಿವಾರ ನಮಗೆ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮನೆಗೆ ಹೊರಡುತ್ತಾರೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ಕಾರುಗಳು ದೇವರಮನೆ, ಎತ್ತಿನಭುಜ, ಕಳಸದ ಕಡೆಗೆ ನುಗ್ಗುವುದೂ ಅದೇ ಹೊತ್ತಿಗೆ. ಎರಡು ವಾಹನ ಎದುರಾದರೆ ಮಕ್ಕಳು ಚರಂಡಿಗೆ ಇಳಿಯಬೇಕಾದಷ್ಟು ಸಪೂರ ರಸ್ತೆಗಳಿವು. ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಮುಂಗಡ ಬುಕ್ಕಿಂಗ್ ತಂದು, ಬೆಳಿಗ್ಗೆ 600, ಮಧ್ಯಾಹ್ನ 600 ಎಂದು ಮಿತಿ ಹಾಕಿತು. ಬೆಟ್ಟಕ್ಕೆ ಹಾಕಿದ ಮಿತಿಯನ್ನು ಶಾಲೆಯ ರಸ್ತೆಗೂ ಹಾಕಬಹುದಲ್ಲವೇ? ಶಾಲೆ ಬಿಡುವ ಹೊತ್ತಿನಲ್ಲಿ ಅರ್ಧ ಗಂಟೆ ವಾಹನಗಳನ್ನು ನಿಧಾನ ಮಾಡಿಸುವ ಒಬ್ಬ ಹೋಮ್‌ಗಾರ್ಡ್ ಸಾಕು.

ಇನ್ನು ಗಿಡ ನೆಡುವ ವಿಚಾರ. ನಾಲ್ಕೂ ಕಡೆ ಮರಗಳೇ ಇರುವ ಶಾಲೆಯಲ್ಲಿ ವರ್ಷವೂ ಅದೇ ಮೂಲೆಗೆ ಗುಂಡಿ ತೋಡಿಸಿ ಫೋಟೊ ಕಳಿಸಿ ಎನ್ನುತ್ತೀರಿ. ನಮ್ಮ ಮಕ್ಕಳಿಗೆ ಅದಕ್ಕಿಂತ ದೊಡ್ಡ ಕೆಲಸ ಮಾಡುವ ಶಕ್ತಿ ಇದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಪಲ್ಪರ್ ನೀರು ಬಿಟ್ಟ ಹಳ್ಳ ಕಪ್ಪಾಗಿ ನಾರುವುದನ್ನು, ಮೀನು ಸತ್ತು ತೇಲುವುದನ್ನು ಮೊದಲು ನೋಡುವವರು ಆ ದಾರಿಯಲ್ಲಿ ನಡೆಯುವ ಅವರೇ. ಮೂಡಿಗೆರೆಯ ಹಳ್ಳಗಳ ನೀರು ಹೇಮಾವತಿಗೆ, ಅಲ್ಲಿಂದ ಗೊರೂರು ಅಣೆಕಟ್ಟೆಗೆ, ಮುಂದೆ ಕಾವೇರಿಗೆ ಸೇರುತ್ತದೆ. ಕಳಸದ ನೀರು ಭದ್ರೆಗೆ. ವಾರಕ್ಕೊಮ್ಮೆ ಹಳ್ಳದ ಬಣ್ಣ, ವಾಸನೆ, ಕಂಡ ಮೀನು, ಏಡಿ ಎಲ್ಲವನ್ನೂ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ನಿಮ್ಮ ಕಡೆಯಿಂದ ಬೇಕಾದದ್ದು ಇಷ್ಟೇ: ಅವರು ಬರೆದದ್ದನ್ನು ಓದುವ ಒಬ್ಬ ಅಧಿಕಾರಿ, ಓದಿ ತೋಟದ ಮಾಲೀಕರ ಗೇಟಿಗೆ ಹೋಗುವ ಧೈರ್ಯ. ಆ ಮಾಲೀಕರಲ್ಲಿ ಕೆಲವರು ನಮ್ಮ ಶಾಲೆಗೆ ಬೆಂಚು, ಡೆಸ್ಕು ಕೊಟ್ಟವರು ಎಂಬುದು ನನಗೆ ಗೊತ್ತಿದೆ. ಗೊತ್ತಿದ್ದೇ ಹೇಳುತ್ತಿದ್ದೇನೆ.

ದಯವಿಟ್ಟು ಈ ಸಲ ಜೂನ್‌ಗೆ ಕಾಯಬೇಡಿ. ಫೆಬ್ರವರಿಯಲ್ಲೇ ಬನ್ನಿ, ಕಾರು ಶಾಲೆಯ ಹತ್ತಿರ ಬಿಟ್ಟು ಮಕ್ಕಳ ಜೊತೆ ಅವರ ಮನೆಯವರೆಗೆ ನಡೆಯಿರಿ. ಸಂಕ ಎಲ್ಲಿದೆ, ಸೇತುವೆಯ ಕಂಬ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರೇ ತೋರಿಸುತ್ತಾರೆ. ಹಳ್ಳದಲ್ಲಿ ನೀರು ಇಳಿದಿರುವ ಮೂರು ತಿಂಗಳಲ್ಲಿ ಮಾತ್ರ ಅಡಿಪಾಯ ತೋಡಲು ಆಗುವುದು. ಎಸ್ಟಿಮೇಟು, ಟೆಂಡರು ಎಲ್ಲ ಅದರೊಳಗೇ ಆಗಬೇಕು.

ಇಂತಿ,
ಎಸ್‌ಡಿಎಂಸಿ ಸದಸ್ಯೆ,
ಮೂಡಿಗೆರೆ ತಾಲ್ಲೂಕು