ಮಿರ್ಚಿ ಭಜಿ ಕಟ್ಟಿದ ಹಸ್ತಪ್ರತಿ: ಒಂದು ‘ಆರ್’ಕಾರ ವಿಚಾರ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ, ಕಮಲಾಪುರದ ಬಸ್ ನಿಲ್ದಾಣದ ಎದುರು ನಾವು ಎರಡು ಮಿರ್ಚಿ ಭಜಿ ಕೊಂಡೆವು. ಅವನ್ನು ಕಟ್ಟಿಕೊಟ್ಟ ಕಾಗದವೇ ಈ ಪ್ರಬಂಧದ ಮೂಲ ಆಕರ. ಪ್ರತಿ ಒಂದೇ, ಹಾಳೆಯೂ ಒಂದೇ. ಮೇಲಂಚು ಹರಿದಿದೆ. ಬಲಗಡೆ ಎಣ್ಣೆ ಇಳಿದು ಪಾಠ ಲುಪ್ತವಾಗಿದೆ. ಮೂರನೆಯ ಸಾಲಿನಲ್ಲಿ ನಾವು ಬಹಳ ಹೊತ್ತು ಅನುಸ್ವಾರವೆಂದು ಓದಿದ್ದು ಮೆಣಸಿನಕಾಯಿಯ ಬೀಜವೆಂದು ಆಮೇಲೆ ತಿಳಿಯಿತು. ಪ್ರತಿಯ ಮೂಲ ಯಾವುದೆಂದು ಅಂಗಡಿಯ ಕಾಕಾನನ್ನು ವಿಚಾರಿಸಲಾಗಿ, “ರದ್ದಿ ಕಿಲೋ ಲೆಕ್ಕದಾಗ ಬರ್ತದ್ರಿ ಸರ, ಯಾವ್ದು ಎಲ್ಲಿಂದು ಅಂತ ಯಾರಿಗ್ ಗೊತ್ತು” ಎಂಬ ಉತ್ತರ ದೊರೆಯಿತು. ಇದನ್ನು ನಾವು ‘ಗುರುಪರಂಪರೆಯಲ್ಲಿ ವಿಚ್ಛೇದ’ ಎಂದು ದಾಖಲಿಸಿಕೊಂಡಿದ್ದೇವೆ.

ಗ್ರಂಥದ ವಿಷಯ: ಲಿಥುವೇನಿಯಾ ದೇಶದವರಿಗೆ ಇಂಗ್ಲಿಷಿನಲ್ಲಿ ಉಣ್ಣಲು ಕಲಿಸುವುದು. ಟೀ ಆರ್ ಕಾಫಿ? ಬ್ರೆಡ್ ಆರ್ ರೈಸ್? ಆ್ಯಪಲ್ ಆರ್ ಬನಾನಾ? ಹೀಗೆ ಏಳು ಪ್ರಶ್ನೆ. ಪಕ್ಕದಲ್ಲಿ ಲಿಥುವೇನಿಯನ್ ಅರ್ಥ. ಲಿಥುವೇನಿಯನ್ ನಮಗೆ ಬಾರದು; ಸಂಶೋಧನೆಗೆ ಅದು ಎಂದೂ ಅಡ್ಡಿಯಾಗಿಲ್ಲ. ಒಂದು ವ್ಯಾಕರಣ ಪುಸ್ತಕ ಹಿಡಿದು ಕೂತೆವು. ಮೊದಲ ರಾತ್ರಿಯೇ ಮೈ ಜುಮ್ಮೆಂದಿತು.

ಆ ಭಾಷೆಯಲ್ಲಿ ‘ಇದೋ ಅದೋ’ ಎಂದು ಕೇಳುವಾಗ ಬಳಸುವ ಶಬ್ದ ‘ಆರ್’. ಇಂಗ್ಲಿಷಿನದೂ ನಮ್ಮ ಶಾಲೆಗಳ ಉಚ್ಚಾರದಲ್ಲಿ ‘ಆರ್’. ಹಳಗನ್ನಡದಲ್ಲಿ ‘ಆರ್’ ಎಂದರೆ ‘ಯಾರು’. ಹಾಗಾದರೆ ‘ಟೀ ಆರ್ ಕಾಫಿ’ ಎಂಬುದನ್ನು ಪಂಪನ ಕಾಲದವರು ಕೇಳಿದ್ದರೆ ‘ಟೀ ಯಾರಿಗೆ, ಕಾಫಿ ಯಾರಿಗೆ’ ಎಂದು ಪಂಕ್ತಿಯಲ್ಲಿ ವಿಚಾರಿಸುತ್ತಿದ್ದಾರೆಂದೇ ತಿಳಿಯುತ್ತಿದ್ದರು. ಇಷ್ಟರ ಆಧಾರದ ಮೇಲೆ, ರಾಷ್ಟ್ರಕೂಟರ ಅಡುಗೆಯವರಲ್ಲಿ ಒಂದು ತಂಡ ಮಳಖೇಡದಿಂದ ಬಾಲ್ಟಿಕ್ ಕಡಲ ದಂಡೆಗೆ ವಲಸೆ ಹೋಗಿರಬೇಕೆಂದು ನಾವು ಸಿದ್ಧಾಂತ ಮಂಡಿಸುವವರಿದ್ದೆವು. ಇದಕ್ಕಿಂತ ಕಡಿಮೆ ಸಾಕ್ಷ್ಯದ ಮೇಲೆ ನಮ್ಮಲ್ಲಿ ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಆದರೆ ಮನೆಯವರು ಬೇಡವೆಂದರು.

ವ್ಯಾಕರಣ ಪುಸ್ತಕ ಹೇಳುವ ನಿಜ ಇನ್ನೂ ರುಚಿಯಾಗಿದೆ. ಲಿಥುವೇನಿಯನ್‌ನಲ್ಲಿ ಪ್ರಶ್ನೆಯೊಳಗಿನ ‘ಅಥವಾ’ ಬೇರೆ, ಮಾತಿನೊಳಗಿನ ‘ಅಥವಾ’ ಬೇರೆ. ಕೇಳುವಾಗ ‘ಆರ್’, ಹೇಳುವಾಗ ‘ಅರ್ಬಾ’. ನಮ್ಮಲ್ಲೂ ಹಾಗೆಯೇ. ಕೇಳುವಾಗ ‘ಚಾನೋ ಕಾಫಿನೋ’ ಎಂದು ಎರಡು ಶಬ್ದಕ್ಕೂ ಓಕಾರದ ಬಾಲ ಹಚ್ಚುತ್ತೇವೆ. ಹೇಳುವಾಗ ‘ಚಾ ಇಲ್ಲಾ ಕಾಫಿ, ಏನರ ಕೊಡ್ರಿ’ ಎನ್ನುತ್ತೇವೆ. ಬಾಲ ಕಂಡ ಕೂಡಲೇ ಆರಿಸಬೇಕೆಂದು ಕೇಳುವವನಿಗೆ ತಿಳಿಯುತ್ತದೆ. ಬಡ ಇಂಗ್ಲಿಷಿಗೆ ಇರುವುದು ಒಂದೇ ‘ಆರ್’. ಕೊನೆಯಲ್ಲಿ ದನಿ ಇಳಿಸಿದರೆ ಆರಿಸು ಎಂದರ್ಥ. ಏರಿಸಿದರೆ ಕುಡಿಯಲು ಏನಾದರೂ ಬೇಕೇ ಎಂದಷ್ಟೇ. ಈ ಏರಿಳಿತ ಗೊತ್ತಿಲ್ಲದ ಕಮಲಾಪುರದ ಹುಡುಗ ಎರಡಕ್ಕೂ ‘ಯೆಸ್’ ಎನ್ನುತ್ತಾನೆ. ಹೆಸರು ಹೇಳಬಾರದ ಒಂದು ಸಂದರ್ಶನದಲ್ಲಿ ನಾವೂ ಅಂದಿದ್ದೆವು. ಕೇಳಿದಾತ ನಕ್ಕ, ಟೀಯೂ ಬರಲಿಲ್ಲ, ಕಾಫಿಯೂ ಬರಲಿಲ್ಲ, ನೌಕರಿಯೂ ಬರಲಿಲ್ಲ.

ಇನ್ನೊಂದು ಸಂಕಟದಲ್ಲೂ ನಾವೂ ಲಿಥುವೇನಿಯನ್ನರೂ ಒಡಹುಟ್ಟಿದವರು. ಇಂಗ್ಲಿಷಿನ ‘ಎ’, ‘ಆ್ಯನ್’, ‘ದಿ’ ಎಂಬ ಮೂರು ಸೊಳ್ಳೆಗಳು ಲಿಥುವೇನಿಯನ್‌ನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಸೇಬಿಗೆ ‘ಆ್ಯನ್’, ಬಾಳೆಗೆ ‘ಎ’, ಅನ್ನಕ್ಕೆ ಏನೂ ಇಲ್ಲ ಎಂಬುದನ್ನು ವಿಲ್ನಿಯಸ್ಸಿನ ಮಗುವೂ ಮಹಾಗಾಂವದ ಮಗುವೂ ಒಂದೇ ಸಂಶಯದಿಂದ ಉರು ಹೊಡೆಯುತ್ತವೆ. ರೊಟ್ಟಿಗೆ ಅವರು ‘ದುವೊನಾ’ ಅನ್ನುತ್ತಾರೆ, ಸಂಸ್ಕೃತದ ‘ಧಾನಾ’, ‘ಧಾನ್ಯ’ಗಳ ನೆಂಟ ಎಂದು ಭಾಷಾವಿಜ್ಞಾನಿಗಳ ಮತ. ಜೇನಿಗೆ ‘ಮೆದುಸ್’, ನಮ್ಮ ಮಧು. ರೈ ಹಿಟ್ಟಿನ ಅವರ ಕರಿ ರೊಟ್ಟಿಯ ಪಕ್ಕ ನಮ್ಮ ಖಡಕ ಜೋಳದ ರೊಟ್ಟಿ ಇಟ್ಟು ಶೇಂಗಾ ಹಿಂಡಿ ಹಚ್ಚಿದರೆ ಸಾವಿರಾರು ವರ್ಷದ ಅಗಲಿಕೆ ಒಂದು ತುತ್ತಿನಲ್ಲಿ ಮುಗಿದೀತು.

ಈಗ ಬಾಳೆಹಣ್ಣಿಗೆ ಬರೋಣ. ಕಮಲಾಪುರಕ್ಕೆ ಬಂದವರು ಬರಲೇಬೇಕು. ಲಿಥುವೇನಿಯನ್‌ನಲ್ಲಿ ಒಂದು ಬಾಳೆಹಣ್ಣಿಗೆ ‘ಬನಾನಸ್’. ಗಂಡು ನಾಮಪದಗಳ ಕೊನೆಗೆ ‘ಅಸ್’ ಬರುವುದು ಅವರ ರೂಢಿ. ಹಲವಿದ್ದರೆ ‘ಬನಾನಯ್’. ಇಂಗ್ಲಿಷಿನಲ್ಲಿ ‘ಬನಾನಾಸ್’ ಎಂದರೆ ಹಲವು. ಆದ್ದರಿಂದ ಒಬ್ಬ ಲಿಥುವೇನಿಯನ್ ನಮ್ಮ ರಸ್ತೆ ಬದಿಯ ತಳ್ಳುಬಂಡಿಯ ಮುಂದೆ ನಿಂತು ಒಂದೇ ಹಣ್ಣು ಕೇಳಿದರೂ ಅಜ್ಜಿ ಒಂದು ಚಿಪ್ಪು ಕಿತ್ತು ತಕ್ಕಡಿಗೆ ಹಾಕುತ್ತಾಳೆ. ಇಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಗೊನೆ ಕೈಗೆ ಬರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ದರವೂ ಹಾಗೇ ಇರುತ್ತದೆ. ವ್ಯಾಕರಣದ ಒಂದು ಪ್ರತ್ಯಯಕ್ಕೆ ಇಷ್ಟು ತುಟ್ಟಿಯ ದಂಡ ಬೇರೆಲ್ಲೂ ಇರಲಾರದು.

ಆ ಅಂಗಡಿಯಲ್ಲಿ ಭಜಿ ತಿನ್ನುತ್ತಿದ್ದ ಮೂರನೇ ತರಗತಿಯ ಒಬ್ಬ ಮಾಹಿತಿದಾರ ನಮಗೆ ಸಿಕ್ಕ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಬಂದಿರುವುದರಿಂದ ಅವನಿಗೆ ವಿಷಯದಲ್ಲಿ ಮೂರು ವರ್ಷದ ಅನುಭವವಿತ್ತು. ಪರೀಕ್ಷೆಯಲ್ಲಿ ಬಾಳೆಹಣ್ಣಿನ ಬಣ್ಣ ‘ಯೆಲ್ಲೋ ಆರ್ ಗ್ರೀನ್’ ಎಂದು ಕೇಳಿದ್ದರಂತೆ. ಇವನು ‘ರೆಡ್’ ಎಂದು ಬರೆದ. ಸೊನ್ನೆ ಬಂತು. “ನಮ್ ಹೊಲದಾಗ ಕೆಂಪೇ ಅದಾವ್ರಿ, ನಾ ಏನ್ ಮಾಡ್ಲಿ?” ಎಂದ. ಇಡೀ ಪ್ರಬಂಧದಲ್ಲಿ ಇದೊಂದೇ ವಾದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಎರಡು ಕೊಟ್ಟು ಆರಿಸು ಎನ್ನುವವನು ಮೂರನೆಯದನ್ನು ಮೊದಲೇ ಬಚ್ಚಿಟ್ಟಿರುತ್ತಾನೆ.

ಪೂರ್ವಾಚಾರ್ಯರಿಗೂ ಇದು ಗೊತ್ತಿತ್ತು. ಯಜ್ಞಕ್ಕೆ ಅಕ್ಕಿಯೋ ಜವೆಗೋಧಿಯೋ ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ಅಕ್ಕಿ ಹಿಡಿದರೆ ನಾಲ್ಕು ದೋಷ, ಜವೆ ಹಿಡಿದರೆ ನಾಲ್ಕು, ಕೂಡಿ ವಿಕಲ್ಪಕ್ಕೆ ಎಂಟು ದೋಷ ಎಂದು ಅವರು ಲೆಕ್ಕ ಹಾಕಿಟ್ಟರು. ಬೇರೆ ಗತಿಯೇ ಇಲ್ಲದಾಗ ಮಾತ್ರ ‘ಇದೋ ಅದೋ’ ಎನ್ನಬೇಕು. ನಮ್ಮ ಜಿಲ್ಲೆಯ ಮರತೂರಿನವನೆಂದು ಜನ ಹೇಳುವ ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಆಸ್ತಿ ಪಾಲನ್ನು ಬಿಡಿಸಿಟ್ಟಿದ್ದೂ ಮೀಮಾಂಸೆಯ ತರ್ಕ ಹಿಡಿದೇ. ರೊಟ್ಟಿ ಪಾಲಿನ ವಿಷಯಕ್ಕೆ ಆತ ಕೈ ಹಾಕದೆ ಹೋದದ್ದು ಜಿಲ್ಲೆಯ ದುರ್ದೈವ.

ಮೀಮಾಂಸಕರ ಸಿದ್ಧಾಂತವನ್ನು ಓದದೆಯೇ ನಡೆಸುವವರು ನಮ್ಮ ಹೆಣ್ಣುಮಕ್ಕಳು. ಯಾವ ಮನೆಗಾದರೂ ಹೋಗಿರಿ. “ಚಾ ಮಾಡ್ಲೇನ್ರಿ?” ಎಂಬ ಪ್ರಶ್ನೆ ಬರುತ್ತದೆ. “ಬ್ಯಾಡ್ರಿ, ಈಗ ಆಗ್ಯದ” ಎನ್ನುತ್ತೀರಿ. ಅಷ್ಟರೊಳಗೆ ಕಪ್ಪು-ಬಶಿ ಮುಂದೆ ಬಂದಿರುತ್ತದೆ. ಪ್ರಶ್ನೆ ಹುಟ್ಟುವ ಮೊದಲೇ ಹಾಲು ಒಲೆಯ ಮೇಲಿತ್ತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದರೆ ಇದರ ಪರಾಕಾಷ್ಠೆ. ಚರಗ ಚೆಲ್ಲಿ ಬಂದು ಕೂತವನ ತಾಟಿಗೆ ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗಿ, ಅಂಬಲಿ ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ‘ಆರ್’ ಎಂದವನು ಮುಂದಿನ ವರ್ಷ ಕರೆಯದವರ ಪಟ್ಟಿ ಸೇರುತ್ತಾನೆ. (ಈ ಭಜ್ಜಿ ಕಾಯಿಪಲ್ಯೆ, ಕಾಳು ಕೂಡಿಸಿ ಕುದಿಸಿದ್ದು, ನಮ್ಮ ಹಸ್ತಪ್ರತಿಗೆ ಎಣ್ಣೆ ಹಚ್ಚಿದ ಭಜಿ ಕರಿದದ್ದು. ಒಂದು ಒತ್ತಕ್ಷರದಲ್ಲಿ ಇಷ್ಟು ಅಡುಗೆ ಅಡಗಿದೆ. ಕನ್ನಡಗಳ ಬಗೆಗಳನ್ನು ಲೆಕ್ಕ ಹಾಕಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿದೆ. ಆ ಗ್ರಂಥ ಹುಟ್ಟಿದ ನೆಲವೂ ಇದೇ.)

ಉಳಿದದ್ದು ಏಳನೆಯ ಪ್ರಶ್ನೆಯ ಪಾಠನಿರ್ಣಯ. ‘ವುಡ್ ಯು ಲೈಕ್ ರೈಸ್ ಆರ್’, ಅಲ್ಲಿಂದ ಮುಂದೆ ಎಣ್ಣೆ. ‘ಬ್ರೆಡ್’ ಎಂದು ಊಹಿಸೋಣವೆಂದರೆ ಎರಡನೆಯ ಪ್ರಶ್ನೆಯಲ್ಲೇ ಬಂದುಹೋಗಿದೆ. ‘ಸೂಪ್’ ಇರಬಹುದು: ಬೇಸಿಗೆಯಲ್ಲಿ ಲಿಥುವೇನಿಯನ್ನರು ಬೀಟ್‌ರೂಟ್ ಹಾಕಿ ಮಾಡುವ ಗುಲಾಬಿ ಬಣ್ಣದ ತಣ್ಣನೆಯ ಸಾರು ಪ್ರಸಿದ್ಧ. ಆದರೆ ಅದನ್ನು ಅನ್ನಕ್ಕೆ ಬದಲು ಕೇಳುವರೇ? ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಪ್ರತಿಯನ್ನೇ ಹಿಡಿದು ಕಮಲಾಪುರಕ್ಕೆ ಹೋಗಿ ಕಾಕಾನ ಮುಂದಿಟ್ಟೆವು. ಇಂಥಿಂಥ ಪ್ರಶ್ನೆ, ‘ಅನ್ನನೋ’ ಅಂತ ಅದ, ಮುಂದಿನದು ಅಳಿಸ್ಯದ ಎಂದು ವಿವರಿಸಿದೆವು. ಕಾಕಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

“ಅನ್ನ ಅದಲ್ರಿ ಮತ್ತ. ಇನ್ನೊಂದ್ ಯಾಕ್ ಬೇಕ್ರಿ?”

ಅಷ್ಟರಲ್ಲಿ ಹುಮನಾಬಾದ್ ಬಸ್ಸಿನ ಕಿಟಕಿಯಿಂದ ಯಾರೋ ನಾಲ್ಕು ಭಜಿ ಕೂಗಿದರು. ಕಾಕಾನ ಕೈಯಲ್ಲಿ ಕಾಗದವಿತ್ತು. ನಾವು “ಕಾಕಾ, ಅದು…” ಎನ್ನುವುದರೊಳಗೆ ಗಾಡಿ ಗೇರು ಬದಲಿಸಿತು.