ಸೋಲಿಗೂ ಪ್ರಾಯೋಜಕರಿದ್ದಾರೆ

ನಮ್ಮ ಗೋಣಿಕೊಪ್ಪಲಿನಲ್ಲಿ ಭಕ್ತಿಯೆಲ್ಲ ಹಾಕಿಗೆ, ಖರ್ಚೆಲ್ಲ ಕ್ರಿಕೆಟ್ಟಿಗೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೇ ಅಂಗಿಯ ಭೂಷಣ. ಭಾರತ ಕ್ರಿಕೆಟ್ ತಂಡದ ಅಂಗಿಯಾದರೋ ಬಾಡಿಗೆ ಮನೆ, ಅದೂ ವಾಸ್ತು ಸರಿಯಿಲ್ಲದ್ದು. ಸಹಾರಾ ಬಂತು, ಕೋರ್ಟು ಹತ್ತಿತು. ಬೈಜೂಸ್ ಬಂತು, ದಿವಾಳಿಯ ದಾರಿ ಹಿಡಿಯಿತು. ಡ್ರೀಮ್ ಇಲೆವೆನ್ ಇದ್ದಾಗ, 2025ರಲ್ಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೇ ಸರ್ಕಾರ ಬೀಗ ಜಡಿಯಿತು. ಆದರೂ ಅಪೊಲೊ ಟೈರ್ಸ್ 579 ಕೋಟಿ ಹಿಡಿದು ಬಂದೇ ಬಂತು!

ಆಟ? 2024ರ ಅಕ್ಟೋಬರ್ 17, ತುಲಾ ಸಂಕ್ರಮಣ. ತಲಕಾವೇರಿಯ ತೀರ್ಥ ಮನೆ ತಲುಪುವಷ್ಟರಲ್ಲಿ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಎದುರು ನಮ್ಮವರು 46ಕ್ಕೆ ಮಗುಚಿಕೊಂಡಿದ್ದರು. ಐದು ಸೊನ್ನೆ, ಒಂದು ನಮ್ಮ ರಾಹುಲ್‌ದೇ. ವಿಕೆಟ್ ಬಿದ್ದಾಗಲೆಲ್ಲ ಟಿವಿಯಲ್ಲಿ ಜಾಹೀರಾತು. ಅಂದರೆ ಬೇಗ ಬೇಗ ಔಟಾದಷ್ಟೂ ವ್ಯಾಪಾರ ಜೋರು. ಸರಣಿ 0-3. ಬ್ಯಾಟ್ ಮಾತಾಡದಿದ್ದರೇನು, ಅದರ ಸ್ಟಿಕ್ಕರ್ ಮಾತಾಡುತ್ತಲೇ ಇತ್ತು.

ಮರುವರ್ಷ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ 408 ರನ್ನುಗಳಿಂದ ಬಡಿದಾಗ ಬೇಕರಿಯಲ್ಲಿ ತೋಟದ ಮಾವನೊಬ್ಬರು ಬನ್ ಮುರಿಯುತ್ತಾ, "ಟೈರಿನವರನ್ನು ಕಟ್ಟಿಕೊಂಡ ಮೇಲೆ ಪಂಕ್ಚರ್ ಆಗದೆ ಇರ್ತದಾ?" ಎಂದರು. "ಕರಿಮೆಣಸಿಗೆ ಸೊರಗು ರೋಗ ಬಂದಾಗ ನಮ್ಮ ಅಂಗಿ ಮೇಲೆ ಯಾರೂ ಹೆಸರು ಬರೆಸಲಿಲ್ಲವಲ್ಲ."

ಬೈದು ಮುಗಿಸಿ, ಕಾಫಿ ದುಡ್ಡು ಕೊಟ್ಟು, ಎದುರಿನ ಅಂಗಡಿಗೆ ದಾಟಿದರು. ಮೊಮ್ಮಗನಿಗೆ ನೀಲಿ ಜೆರ್ಸಿ ಬೇಕಂತೆ. "ಕೊಹ್ಲಿದೇ ಕೊಡಿ. ಒಂದು ಸೈಜ್ ದೊಡ್ಡದಿರಲಿ."