ಯೆಜ್ಡಿ ಎದ್ದ ಪ್ರಸಂಗ

ಹಳೇ ಕಾರಿಗೆ ಜೀವ ತುಂಬುವುದು ಸಾಹುಕಾರರ ಹುಚ್ಚು. ಆ ಹುಚ್ಚನ್ನು ಎರಡೇ ಚಕ್ರದಲ್ಲಿ ತೀರಿಸಿಕೊಳ್ಳಲು ನಮ್ಮ ಮೈಸೂರು ಸೀಮೆಯವರಿಗೆ ಐಡಿಯಲ್ ಜಾವಾ ಇತ್ತು. 1961ರಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅದು ಹೆತ್ತ ಜಾವಾ, ಯೆಜ್ಡಿಗಳು ಇಂದಿಗೂ ಯಾರ್‍ಯಾರದೋ ಕೊಟ್ಟಿಗೆಯಲ್ಲಿ ಕೋಳಿ ಹೊತ್ತು ನಿಂತಿವೆ.

ಅಂಥದ್ದೊಂದು ಯೆಜ್ಡಿ ತಿ. ನರಸೀಪುರದ ಮಾವನ ಮನೆಯಿಂದ ಲಗೇಜ್ ಆಟೋ ಏರಿ ನಂಜನಗೂಡಿಗೆ ಬಂತು. ಹತ್ತನೇ ಕ್ಲಾಸಿನ ಮಗಳು ಸುತ್ತು ಹಾಕಿ, “ಅಪ್ಪಾ, ಕಿಕ್ಕರ್ ಎಲ್ಲಿ?” ಎಂದಳು.

“ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್.”

“ಯಾಕೆ, ಇನ್ನೊಂದು ಮಾಡೋಕೆ ಕಬ್ಬಿಣ ಇರಲಿಲ್ವಾ?”

ಕಬ್ಬಿಣಕ್ಕಿಂತ ತುಕ್ಕೇ ಹೆಚ್ಚಿತ್ತು. ಸೀಮೆಎಣ್ಣೆ, ಎಮರಿ ಪೇಪರ್ ಮುಗಿದ ಮೇಲೆ ನಂಜನಗೂಡಿನ ಹಲ್ಲುಪುಡಿ ಹಾಕಿ ತಿಕ್ಕಿದೆವು. ಎರಡೂ ಸೈಲೆನ್ಸರ್ ಹೊಳೆದು ನಕ್ಕವೇ ಹೊರತು ಬಾಯಿ ಬಿಡಲಿಲ್ಲ.

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಇದೂ ತಿರುಮಕೂಡಲಿನ ತ್ರಿವೇಣಿ ಸಂಗಮವೇ: ಪೆಟ್ರೋಲು ಕಾವೇರಿ, ಆಯಿಲ್ಲು ಕಪಿಲೆ, ಗುಪ್ತಗಾಮಿನಿಯಾಗಿ ಹರಿದದ್ದು ನನ್ನ ಸಂಬಳ!

ಕಡೆಗೆ ಮಗಳೇ ಯೂಟ್ಯೂಬ್ ನೋಡಿ ಕಾರ್ಬುರೇಟರ್ ಬಿಚ್ಚಿ ಊದಿದಳು. ಒದ್ದದ್ದೇ ತಡ, ಬೀದಿಗೆಲ್ಲ ಹೊಗೆ, ಎದುರುಮನೆ ಅಜ್ಜಿಗೆ ಕೆಮ್ಮು, ನಮಗೆ ಕುಣಿತ.

ಒಳಗಿನಿಂದ ನನ್ನಾಕೆಯ ದನಿ ಬಂತು: “ರೀ, ಗಾಡಿ ಎದ್ದಿತಲ್ಲ, ಇನ್ನು ನಟ್ಟು ಬೋಲ್ಟು ತುಂಬಿರೋ ನನ್ನ ಇಡ್ಲಿ ತಟ್ಟೆ ಯಾರು ತೊಳೀತೀರ?”

ತಿರುಗಿ ನೋಡಿದರೆ, ಮಗಳಿಗೆ ತಟ್ಟನೆ ಪರೀಕ್ಷೆ ನೆನಪಾಗಿತ್ತು.